ಹತ್ತು ಸಾವಿರ ಕೊಟ್ಟು ಇನ್ನೂರೈವತ್ತು ಉಳಿಸಿಕೊಂಡ ಮಹಿಳೆ

ಚಾತುರ್ಮಾಸ ಆರಂಭವಾಗಿತ್ತು. ತೊಗರಿ ಬಿತ್ತನೆ ಮುಗಿದು ನಮ್ಮ ಬಶೀರಾಬಾದಿನ ಪೇಟೆಯಲ್ಲಿ ವ್ಯಾಪಾರ ಮಂದವಾಗಿತ್ತು. ಅಂಥ ಒಂದು ಸಂಜೆ, ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸಿ ಮನೆಮಂದಿಯೆಲ್ಲ ಕೂತಿದ್ದಾಗ ಮೊಮ್ಮಗಳು ಒಂದು ಕಾಗದ ತಂದು ನಮ್ಮ ಮುಂದಿಟ್ಟಳು. ತಾಂಡೂರಿನಲ್ಲಿ ಇಂಟರ್ ಮುಗಿಸಿದ ಅವಳಿಗೆ ಹೈದರಾಬಾದಿನಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಮನೆಯಲ್ಲಿ ಎರಡು ಪಕ್ಷವಾದವು. ಹುಡುಗಿಯನ್ನು ಅಷ್ಟು ದೂರ ಇಡುವುದೇ, ರಾತ್ರಿ ಊಟ ಮಾಡದ ಮಗುವಿಗೆ ಹಾಸ್ಟೆಲಿನಲ್ಲಿ ಯಾರು ಹೊತ್ತಿಗೆ ಮುಂಚೆ ಅಡುಗೆ ಮಾಡಿ ಬಡಿಸುತ್ತಾರೆ, ಮದುವೆಗೆಂದು ಕೂಡಿಟ್ಟ ಹಣವನ್ನು ಫೀಗೆ ಹಾಕಿದರೆ ಮುಂದೆ ಹೇಗೆ ಎಂಬ ಮಾತುಗಳು ಬಂದವು. ಹಿರಿಯರಾದ ನಾವು ಏನೂ ಹೇಳದೆ ಸುಮ್ಮನೆ ಕೂತೆವು.

ನಮ್ಮ ಮೌನಕ್ಕೆ ಕಾರಣವಿತ್ತು. ನಮ್ಮ ಮಗಳು 1999ರಲ್ಲಿ ಹತ್ತನೆಯ ತರಗತಿಯಲ್ಲಿ ಶಾಲೆಗೆ ಮೊದಲಿಗಳಾಗಿ ಪಾಸಾದಳು. ರಜೆಯಲ್ಲಿ ದುಕಾನದ ರೋಕಡ ಬರೆದರೆ ಒಂದು ಪೈಸೆಯ ತಪ್ಪೂ ಇರುತ್ತಿರಲಿಲ್ಲ. ಮುಂದೆ ಓದುತ್ತೇನೆ ಎಂದಳು. ನಾವು ಬೇಡವೆಂದೆವು. ಮೂರು ವರ್ಷಕ್ಕೆ ಮದುವೆ ಮಾಡಿದೆವು. ಅಳಿಯಂದಿರು ಒಳ್ಳೆಯವರು, ಸಂಸಾರ ಸುಖವಾಗಿದೆ. ಆದರೆ ಅವಳನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂಬ ಬಾಕಿ ನಮ್ಮ ಖಾತೆಯಲ್ಲಿ ಹಾಗೆಯೇ ಉಳಿದಿದೆ.

ಆ ದಿನಗಳಲ್ಲಿ ಶ್ರೀಮತಿ ಸುಧಾ ಮೂರ್ತಿಯವರ ಜೀವನದ ಸಂಗತಿಗಳನ್ನು ನಾವು ಓದಿ ಕೇಳಿ ತಿಳಿದುಕೊಂಡೆವು. ಅವರ ಕಥೆಯನ್ನು ಎಲ್ಲರೂ ಬಲ್ಲರು. ಆದರೂ ವ್ಯಾಪಾರಿಯ ಕಣ್ಣಿನಿಂದ ನೋಡಿದಾಗ ನಮಗೆ ಕಂಡ ನಾಲ್ಕು ಮಾತುಗಳನ್ನು ಬಾಂಧವರ ಮುಂದಿಡುತ್ತೇವೆ.

ಶಿಗ್ಗಾವಿಯಲ್ಲಿ ವೈದ್ಯರ ಮಗಳಾಗಿ ಹುಟ್ಟಿದ ಅವರು ಹುಬ್ಬಳ್ಳಿಯ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು ಸೇರಿದಾಗ ಅಲ್ಲಿ ಬೇರೆ ಹುಡುಗಿಯರೇ ಇರಲಿಲ್ಲ. ಸೀರೆ ಉಡಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರೊಡನೆ ಮಾತಾಡಬಾರದು ಎಂಬ ಷರತ್ತುಗಳಿದ್ದವು. ಎಲ್ಲಕ್ಕೂ ಒಪ್ಪಿ ಓದಿದರು. ಅನಂತರ ಬೆಂಗಳೂರಿನಲ್ಲಿ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಂಪ್ಯೂಟರ್ ವಿಷಯದಲ್ಲಿ ಎಂ.ಇ. ಪದವಿ ಪಡೆದರು. 1974ರಲ್ಲಿ ಟೆಲ್ಕೋ ಕಂಪನಿಯ ಜಾಹೀರಾತು ಕಣ್ಣಿಗೆ ಬಿತ್ತು. ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಎಂದು ಅದರಲ್ಲಿತ್ತು. ಅವರು ಒಂದು ಪೋಸ್ಟ್ ಕಾರ್ಡ್ ತೆಗೆದುಕೊಂಡು ನೇರವಾಗಿ ಜೆ.ಆರ್.ಡಿ. ಟಾಟಾ ಅವರಿಗೇ ಬರೆದರು. ವಿದ್ಯಾಸಂಸ್ಥೆ ಕಟ್ಟಿದ ಟಾಟಾ ಮನೆತನದ ಕಂಪನಿಯಲ್ಲಿ ಹೀಗೆ ಭೇದವೇ ಎಂದು ಕೇಳಿದರು. ಕೆಲವೇ ದಿನಗಳಲ್ಲಿ ತಂತಿ ಬಂತು. ಪುಣೆಯಲ್ಲಿ ಸಂದರ್ಶನ, ಪ್ರಯಾಣದ ಖರ್ಚು ಕಂಪನಿಯದೇ. ಟೆಲ್ಕೋದ ಮೊದಲ ಮಹಿಳಾ ಇಂಜಿನಿಯರ್ ಎಂದು ಕೆಲಸಕ್ಕೆ ಸೇರಿದರು.

ಮೊದಲನೆಯ ಪಾಠ ಇದೇ. ಮಾಲು ಸರಿಯಿಲ್ಲವೆಂದು ಕಟ್ಟೆಯ ಮೇಲೆ ಕೂತು ಬೈದರೆ ಫಲವಿಲ್ಲ. ಮಾಲೀಕರಿಗೇ ಬರೆಯಬೇಕು, ಮರ್ಯಾದೆಯಿಂದ ಬರೆಯಬೇಕು, ಕಾರಣ ಕೊಟ್ಟು ಬರೆಯಬೇಕು.

ಎರಡನೆಯದು ಬಂಡವಾಳದ ಮಾತು. 1981ರಲ್ಲಿ ಪುಣೆಯಲ್ಲಿ ನಾರಾಯಣಮೂರ್ತಿಯವರೂ ಇನ್ನಾರು ಮಂದಿ ಸಂಗಡಿಗರೂ ಸೇರಿ ಇನ್ಫೋಸಿಸ್ ಆರಂಭಿಸಲು ಹೊರಟರು. ಮೂರ್ತಿಯವರು ಅದಕ್ಕೆ ಮುಂಚೆ ಕೈಹಾಕಿದ್ದ ಸಾಫ್ಟ್ರಾನಿಕ್ಸ್ ಎಂಬ ಕಂಪನಿ ನಡೆದಿರಲಿಲ್ಲ. ಆಗ ಸುಧಾ ಅವರ ಬಳಿ ಉಳಿತಾಯವಿದ್ದದ್ದು 10,250 ರೂಪಾಯಿ. 10,000 ಕೊಟ್ಟರು, 250 ಉಳಿಸಿಕೊಂಡರು ಎಂದು ಅವರೇ ಹೇಳಿಕೊಂಡಿದ್ದಾರೆ. ಜೊತೆಗೆ ಮನೆ ನಡೆಯಲೆಂದು ಪುಣೆಯ ವಾಲ್‌ಚಂದ್ ಸಮೂಹದಲ್ಲಿ ತಾವು ನೌಕರಿಗೆ ಸೇರಿದರು. ಒಂದು ದುಕಾನ ಎದ್ದು ನಿಲ್ಲುವವರೆಗೆ ಮನೆಯ ಒಲೆ ಆರದಂತೆ ನೋಡಿಕೊಳ್ಳುವುದು ನಮ್ಮ ಹಿರಿಯರು ಹೇಳಿದ ವ್ಯಾಪಾರವೇ ಅಲ್ಲವೇ? ಆದರೆ ಆ ಹಣ ಅವರದೇ ಗಳಿಕೆಯಾಗಿತ್ತು ಎಂಬುದನ್ನು ಮರೆಯಬಾರದು. ಅವರು ಓದದೆ, ದುಡಿಯದೆ ಇದ್ದಿದ್ದರೆ ಆ ಹತ್ತು ಸಾವಿರವೆಲ್ಲಿ ಬರುತ್ತಿತ್ತು?

ಮೂರನೆಯದು ಮುಂದಾಳುತನ. 1996ರಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಆರಂಭವಾದಾಗ ನಮ್ಮ ನೆರೆಯ ರಾಯಚೂರು ಜಿಲ್ಲೆಯ ದೇವದಾಸಿಯರ ನಡುವೆ ಕೆಲಸಕ್ಕೆ ಹೋದರು. ಮೊದಲ ಸಲ ಆ ಹೆಂಗಸರು ಚಪ್ಪಲಿ ಎಸೆದರು. ಇನ್ನೊಮ್ಮೆ ಹೋದರೂ ಅದೇ ಗತಿ. ತಂದೆಯ ಸಲಹೆಯಂತೆ ಜೀನ್ಸ್ ಬಿಟ್ಟು ಸೀರೆ ಉಟ್ಟು ಮತ್ತೆ ಹೋದರು. ಉಪದೇಶ ಬಿಟ್ಟು ಅವರ ಕಷ್ಟ ಕೇಳಿದರು. ವರ್ಷಗಳ ನಂತರ ಬದುಕು ಬದಲಾದ ಆ ಹೆಂಗಸರು ಮೂರು ಸಾವಿರ ಹೊಲಿಗೆ ಹಾಕಿದ ಕೌದಿಯೊಂದನ್ನು ಅವರಿಗೆ ಕೊಟ್ಟರು. 2006ರಲ್ಲಿ ಪದ್ಮಶ್ರೀ, 2023ರಲ್ಲಿ ಪದ್ಮಭೂಷಣ ಬಂದವು, 2024ರಲ್ಲಿ ರಾಜ್ಯಸಭೆಗೆ ನಾಮಕರಣವಾಯಿತು. ಆದರೂ ಆ ಕೌದಿಯ ತೂಕವೇ ಬೇರೆ ಎಂದು ನಮಗೆ ತೋರುತ್ತದೆ.

ನಾಲ್ಕನೆಯದು ನಮಗೆ ಬಹಳ ನಾಟಿತು. ಸುಧಾ ಅವರು ಸ್ವತಃ ಇಂಜಿನಿಯರ್ ಆಗಿದ್ದರೂ ಗಂಡ ಹೆಂಡತಿ ಇಬ್ಬರೂ ಬೇಡವೆಂಬ ಕಾರಣಕ್ಕೆ ಇನ್ಫೋಸಿಸ್ಸಿನ ಹೊರಗೇ ಉಳಿದರು. ಆ ತೀರ್ಮಾನ ತಪ್ಪಾಗಿತ್ತು ಎಂದು ನಾರಾಯಣಮೂರ್ತಿಯವರು 2024ರ ಜನವರಿಯಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಅಷ್ಟು ದೊಡ್ಡ ಕಂಪನಿ ಕಟ್ಟಿದವರು ನಲವತ್ತು ವರ್ಷಗಳ ಮೇಲೆ ತಪ್ಪೆಂದು ಹೇಳಬಹುದಾದರೆ, ಸಣ್ಣ ಕಿರಾಣಿ ದುಕಾನದವರಾದ ನಮಗೆ ಅದೇಕೆ ಕಷ್ಟ?

ಹೆಣ್ಣುಮಕ್ಕಳಿಗೆ ಲೆಕ್ಕ ಹೊಸದೇನಲ್ಲ. ಆದಿನಾಥ ಸ್ವಾಮಿಯು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಿಗಳನ್ನೂ ಕಲಿಸಿದನೆಂದು ನಮ್ಮ ಪುರಾಣವೇ ಹೇಳುತ್ತದೆ. ಸೇಡಂ ದಾಟಿದರೆ ಸಿಗುವ ಮಳಖೇಡದಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದರು. ಇಂಥ ನೆಲದವರಾದ ನಾವು ಲೆಕ್ಕ ಬಲ್ಲ ಹುಡುಗಿಯನ್ನು ಮನೆಯಲ್ಲಿ ಕೂರಿಸಿದೆವು. ಮುಂದೆ 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಅದೇ ದುಕಾನವನ್ನು ಉಳಿಸಿಕೊಟ್ಟವಳು ಹೆಣ್ಣುಮಗಳೇ. ವಹಿ ಬರೆದೇ ಕೈ ಸವೆಸಿದ ನಮಗೆ ದಕ್ಕದ ಕಂಪ್ಯೂಟರ್ ಲೆಕ್ಕವನ್ನು ಸೊಸೆ ಎರಡು ತಿಂಗಳಲ್ಲಿ ಕಲಿತಳು.

ಮೊಮ್ಮಗಳ ಸಂಗತಿ ತಿಳಿದು ಮಗಳು ಫೋನು ಮಾಡಿದಳು. "ಅಪ್ಪಾ, ನನ್ನನ್ನು ಕೇಳಲಿಲ್ಲ. ಇವಳನ್ನಾದರೂ ಕೇಳಿರಿ" ಎಂದಳು. ಅಷ್ಟೇ. ನಾವು ಮೊಮ್ಮಗಳನ್ನು ಕರೆದು ಕೇಳಿದೆವು. "ಓದುತ್ತೇನೆ ಅಜ್ಜ. ಊಟದ ಚಿಂತೆ ಬೇಡ, ಹೊತ್ತಿಗೆ ಮುಂಚೆ ನಾನೇ ಡಬ್ಬಿ ತರಿಸಿಕೊಳ್ಳುತ್ತೇನೆ" ಎಂದಳು. ಮರುದಿನವೇ ಫೀ ಕಟ್ಟಿದೆವು. ಅವಳ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆದು, ಯಾವ ಸಂದರ್ಭದಲ್ಲೂ ಒಂದಿಷ್ಟು ನಿನ್ನದೆಂದು ಉಳಿಸಿಕೋ ಎಂದು ಹೇಳಿದೆವು.

ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಮಗಳು ತವರಿಗೆ ಬಂದಳು. ಪ್ರತಿ ವರ್ಷ ಎಲ್ಲರಿಗೂ ಹೇಳುವ ಮಾತನ್ನೇ ಅವಳಿಗೂ ಹೇಳುತ್ತಿದ್ದೆವು. ಈ ಸಲ ಕಾರಣವನ್ನೂ ಹೇಳಿ ಕ್ಷಮೆ ಕೇಳಿದೆವು. ಅವಳು ಮಾತಾಡಲಿಲ್ಲ, ನಮ್ಮ ಕೈ ಹಿಡಿದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಸೊಸೆಯ ಪಕ್ಕ ಕೂತು ಆ ಕಂಪ್ಯೂಟರ್ ಲೆಕ್ಕ ತನಗೂ ತೋರಿಸೆಂದಳು.

ಸಮಾಜ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಹೆಣ್ಣುಮಕ್ಕಳ ವಿಷಯದಲ್ಲಿ ತೀರ್ಮಾನ ಮಾಡುವ ಮುಂಚೆ ಅವರನ್ನು ಒಂದು ಮಾತು ಕೇಳಿರಿ. ಕೇಳುವುದಕ್ಕೆ ಬಂಡವಾಳ ಬೇಕಾಗಿಲ್ಲ.

ಜೈ ಜಿನೇಂದ್ರ.