ಕ್ರಿಪ್ಟೊ ಆಸ್ತಿಗಳ ಕಾನೂನು ನಿಯಂತ್ರಣ: ವರ್ತಕರು ಅರಿಯಬೇಕಾದ ಅಂಶಗಳು

ಹಾನಗಲ್ಲಿನ ಭತ್ತ, ಸವಣೂರಿನ ವೀಳ್ಯದೆಲೆ, ಹಿರೇಕೆರೂರಿನ ಗೋವಿನಜೋಳಗಳ ವಹಿವಾಟಿನಲ್ಲಿ ವರ್ತಕರ ಬಂಡವಾಳ ವರ್ಷವಿಡೀ ಒಂದೇ ಪ್ರಮಾಣದಲ್ಲಿ ತೊಡಗಿರುವುದಿಲ್ಲ. ಹೀಗೆ ಬಿಡುವಾಗುವ ಹಣವನ್ನು ಮೊಬೈಲ್ ಮೂಲಕವೇ ಕ್ರಿಪ್ಟೊ ಆಸ್ತಿಯಲ್ಲಿ ಹೂಡುವುದು ಈ ತಾಲೂಕುಗಳ ಹಾಗೂ ಶಿಗ್ಗಾಂವಿಯ ವರ್ತಕರಿಗೂ ಇಂದು ಸುಲಭಸಾಧ್ಯವಾಗಿದೆ. ಆದರೆ ಸರಕಾರವೇ ತೆರಿಗೆ ಪಡೆಯುತ್ತಿರುವುದರಿಂದ ಹೂಡಿಕೆ ಸುರಕ್ಷಿತವೆಂದು ಭಾವಿಸುವುದು ಸರಿಯಲ್ಲ.

ಕ್ರಿಪ್ಟೊ ವ್ಯವಹಾರಗಳಿಗೆ ಸೇವೆ ಒದಗಿಸಬಾರದೆಂದು ಭಾರತೀಯ ರಿಸರ್ವ್ ಬ್ಯಾಂಕು 2018ರ ಏಪ್ರಿಲ್ 6ರಂದು ಬ್ಯಾಂಕುಗಳಿಗೆ ಸೂಚಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬೆಂಗಳೂರಿನ ಮಾಲೊಂದರಲ್ಲಿದ್ದ ಬಿಟ್‌ಕಾಯಿನ್ ಯಂತ್ರವನ್ನು ಪೊಲೀಸರು ವಶಪಡಿಸಿಕೊಂಡರು. ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ 4ರಂದು ರದ್ದುಪಡಿಸಿತು. ಈ ತೀರ್ಪಿನಿಂದ ಬ್ಯಾಂಕ್ ಸೇವೆಗಿದ್ದ ತಡೆ ನಿವಾರಣೆಯಾಯಿತೇ ಹೊರತು, ಕ್ರಿಪ್ಟೊಗೆ ರೂಪಾಯಿಯ ಸ್ಥಾನ ದೊರೆಯಲಿಲ್ಲ. ಸಾಲ ಸಂದಾಯಕ್ಕೆ ಅದನ್ನು ಸ್ವೀಕರಿಸಲೇಬೇಕೆಂಬ ನಿರ್ಬಂಧ ಯಾರಿಗೂ ಇಲ್ಲ.

2022ರ ಹಣಕಾಸು ಕಾಯ್ದೆಯು ಇಂತಹ ಆಸ್ತಿಗಳ ವರ್ಗಾವಣೆಯ ಲಾಭದ ಮೇಲೆ ಶೇ. 30ರ ತೆರಿಗೆ ವಿಧಿಸಿತು. ಖರೀದಿ ಬೆಲೆಯ ಹೊರತು ಬೇರೆ ಯಾವ ವೆಚ್ಚವನ್ನೂ ಕಳೆಯುವಂತಿಲ್ಲ. ನಷ್ಟವನ್ನು ಇತರ ಆದಾಯದೊಂದಿಗಾಗಲಿ, ಇನ್ನೊಂದು ಕ್ರಿಪ್ಟೊದ ಲಾಭದೊಂದಿಗಾಗಲಿ ಹೊಂದಾಣಿಕೆ ಮಾಡಲಾಗದು. ಮುಂದಿನ ವರ್ಷಕ್ಕೂ ಒಯ್ಯಲಾಗದು. ಉದಾಹರಣೆಗೆ, ಒಬ್ಬ ವರ್ತಕರಿಗೆ ಒಂದು ಕ್ರಿಪ್ಟೊದಲ್ಲಿ ರೂ. 1,00,000 ಲಾಭ, ಮತ್ತೊಂದರಲ್ಲಿ ರೂ. 80,000 ನಷ್ಟವಾದರೆ ಕೈಗೆ ಉಳಿಯುವುದು ರೂ. 20,000. ಆದರೆ ಶೇ. 4ರ ಉಪಕರ ಸೇರಿ ತೆರಬೇಕಾದ ತೆರಿಗೆ ರೂ. 31,200! ಅಂಗಡಿಯ ಬಂಡವಾಳಕ್ಕೇ ಕೈಹಾಕಬೇಕಾದ ಸ್ಥಿತಿ ಇದು.

2022ರ ಜುಲೈ 1ರಿಂದ ಶೇ. 1ರ ಮೂಲ ತೆರಿಗೆ ಕಡಿತವೂ ಜಾರಿಗೆ ಬಂದಿತು. ವಿನಿಮಯ ಕೇಂದ್ರದ ಹೊರಗೆ ನೇರವಾಗಿ ಖರೀದಿಸಿದಾಗ, ನಿಗದಿತ ವಾರ್ಷಿಕ ಮಿತಿ ಮೀರಿದಲ್ಲಿ ಕಡಿತದ ಹೊಣೆ ಖರೀದಿದಾರನದೇ ಆಗಿರುತ್ತದೆ.

2023ರ ಮಾರ್ಚ್ 7ರ ಅಧಿಸೂಚನೆಯನ್ವಯ ಕ್ರಿಪ್ಟೊ ಸೇವಾ ಸಂಸ್ಥೆಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದವು. ಗ್ರಾಹಕರ ಗುರುತು ಪರಿಶೀಲಿಸಿ, ಸಂಶಯಾಸ್ಪದ ವ್ಯವಹಾರಗಳನ್ನು ಅವು ಹಣಕಾಸು ಗುಪ್ತಚರ ಘಟಕಕ್ಕೆ ವರದಿ ಮಾಡಬೇಕು. ಆ ಘಟಕದಲ್ಲಿನ ನೋಂದಣಿಯು ಹೂಡಿಕೆಗೆ ಖಾತರಿಯಲ್ಲ. ಬ್ಯಾಂಕ್ ಠೇವಣಿಗಿರುವ ವಿಮೆ ಇಲ್ಲಿಲ್ಲ. 2024ರ ಜುಲೈ 18ರಂದು ವಜೀರ್‌ಎಕ್ಸ್ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಆಸ್ತಿ ಕಳುವಾದಾಗ ಗ್ರಾಹಕರು ಹಣ ಹಿಂಪಡೆಯುವುದು ಸ್ಥಗಿತಗೊಂಡಿತು. ಪುನರ್ರಚನೆಯ ಪ್ರಕ್ರಿಯೆ ನಡೆದದ್ದು ಸಿಂಗಪುರದ ನ್ಯಾಯಾಲಯದಲ್ಲಿ.

ಕ್ರಿಪ್ಟೊ ಹೆಸರಿನಲ್ಲಿ ನೆರೆಹೊರೆಯವರಿಂದ ಠೇವಣಿ ಸಂಗ್ರಹಿಸಿ ಮಾಸಿಕ ಲಾಭದ ಭರವಸೆ ನೀಡುವವರು ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ, 2019ರ ಅಡಿ ಸೆರೆವಾಸಕ್ಕೆ ಗುರಿಯಾಗಬಹುದು. ಆದ್ದರಿಂದ ಕ್ರಿಪ್ಟೊದಲ್ಲಿ ಹಣ ತೊಡಗಿಸುವ ವರ್ತಕರು ಪ್ರತಿಯೊಂದು ಖರೀದಿ–ಮಾರಾಟದ ದಿನಾಂಕ, ಬೆಲೆ ಹಾಗೂ ಬ್ಯಾಂಕ್ ದಾಖಲೆಯನ್ನು ಪ್ರತ್ಯೇಕವಾಗಿ ಇಡುವುದು ಅವಶ್ಯ. ರೈತರಿಗೆ ಸಲ್ಲಬೇಕಾದ ಹಣವನ್ನಂತೂ ಈ ವ್ಯವಹಾರದಲ್ಲಿ ಎಂದಿಗೂ ತೊಡಗಿಸಬಾರದು.