ಕೋವಿಗೊಂದು ದುರ್ಬೀನು ಬೇಕೆ?

2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಚಿನ್ನ ಗೆದ್ದ ಮೇಲೆ ನಮ್ಮ ಮಕ್ಕಳಲ್ಲಿ ಈ ಆಟದ ಆಸೆ ಚಿಗುರಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ತಂದಾಗ ಅದು ಇನ್ನಷ್ಟು ಬೆಳೆಯಿತು. ಮಗ ಅಥವಾ ಮಗಳನ್ನು ತರಬೇತಿಗೆ ಸೇರಿಸಿ ತಿಂಗಳಾಗಿರುವುದಿಲ್ಲ, ಬೇಡಿಕೆ ಬರುತ್ತದೆ: 'ಅಪ್ಪಾ, ರೈಫಲ್‌ಗೆ ಒಂದು ಸ್ಕೋಪ್ ಕೊಡಿಸು.' ಸಿನಿಮಾದಲ್ಲಿ ಕೋವಿಯ ಬೆನ್ನಿಗೆ ದುರ್ಬೀನು ಇದ್ದೇ ಇರುತ್ತದಲ್ಲ! ಅಪ್ಪ ನೇರವಾಗಿ ವಿಜ್ಞಾನದ ಮೇಷ್ಟ್ರ ಹತ್ತಿರ ಬರುತ್ತಾರೆ: 'ಸಾರ್, ಎಷ್ಟು ಪವರಿನದು ತೆಗೆದುಕೊಳ್ಳಲಿ?'

ಸದ್ಯಕ್ಕೆ ಯಾವುದೂ ಬೇಡ ಎನ್ನುವುದು ನನ್ನ ಉತ್ತರ. ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಗಳಲ್ಲಿ ದುರ್ಬೀನು ಹಾಗಿರಲಿ, ಒಂದೇ ಒಂದು ಮಸೂರವನ್ನೂ ಕೋವಿಗೆ ಜೋಡಿಸುವಂತಿಲ್ಲ. ಅಲ್ಲಿ ಇರುವುದು ಎರಡು ರಂಧ್ರ ಮಾತ್ರ. ಕಣ್ಣಿನ ಬಳಿ ಸುಮಾರು 1 ಮಿಲಿಮೀಟರ್ ಅಗಲದ ಸಣ್ಣ ತೂತು. ನಳಿಗೆಯ ತುದಿಯಲ್ಲಿ ಬಳೆಯಂಥ ಒಂದು ಉಂಗುರ. ಇದಕ್ಕೆ ಪೀಪ್ ಸೈಟ್ ಎಂದು ಹೆಸರು.

ಇಷ್ಟರಿಂದ ಏನು ಕಂಡೀತು ಎಂದು ಪಾಲಕರಿಗೆ ಅನುಮಾನ. ಲೆಕ್ಕ ಹಾಕಿ ನೋಡೋಣ. 10 ಮೀಟರ್ ದೂರದ ಗುರಿಹಾಳೆಯಲ್ಲಿ ಕಪ್ಪು ವೃತ್ತದ ವ್ಯಾಸ 30.5 ಮಿ.ಮೀ. ಅದರ ನಟ್ಟನಡುವೆ ಹತ್ತು ಅಂಕದ ಚುಕ್ಕೆ, ಕೇವಲ 0.5 ಮಿ.ಮೀ. ಒಳ್ಳೆಯ ಕಣ್ಣಿಗೆ ಬಿಡಿಸಿ ಕಾಣುವ ಅತಿ ಚಿಕ್ಕ ಕೋನ ಸುಮಾರು ಒಂದು ಮಿನಿಟ್, ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. 10 ಮೀಟರ್ ದೂರದಲ್ಲಿ ಇದು 2.9 ಮಿ.ಮೀ. ಆಯಿತು. ಚುಕ್ಕೆ ಅದರ ಆರನೇ ಒಂದು ಪಾಲು. ಎಂದರೆ ಬಿಂದ್ರಾ ಅವರಿಗೂ ಆ ಚುಕ್ಕೆ ಕಾಣುವುದಿಲ್ಲ!

ಕಾಣದ್ದಕ್ಕೆ ಹೊಡೆಯುವುದು ಹೇಗೆ? ಪ್ರಯೋಗಾಲಯದಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಹಿಡಿದ ವಿದ್ಯಾರ್ಥಿಗಳು ಇದನ್ನು ಸುಲಭವಾಗಿ ಊಹಿಸಬಹುದು. ಎರಡು ಗೆರೆಗಳು ಕೂಡಿವೆಯೋ ಇಲ್ಲವೋ ಎಂಬುದನ್ನು ಕಣ್ಣು ತನ್ನ ಸಾಮಾನ್ಯ ಶಕ್ತಿಗಿಂತ ಎಷ್ಟೋ ಪಟ್ಟು ಸೂಕ್ಷ್ಮವಾಗಿ ಗುರುತಿಸುತ್ತದೆ. ಅಂತೆಯೇ ವೃತ್ತದೊಳಗೆ ವೃತ್ತ. ಹಿಂದಿನ ತೂತಿನ ನಡುವೆ ಉಂಗುರ, ಉಂಗುರದ ನಡುವೆ ಕಪ್ಪು ವೃತ್ತ. ಸುತ್ತಲ ಬಿಳಿಯ ಅಂಚು ಒಂದು ಕಡೆ ಕೂದಲೆಳೆಯಷ್ಟು ದಪ್ಪವಾದರೂ ಕಣ್ಣಿಗೆ ಗೊತ್ತಾಗುತ್ತದೆ. ವೃತ್ತಗಳು ಕೂಡಿದರೆ ಚುಕ್ಕೆ ತಾನಾಗಿಯೇ ನಡುವೆ ಇರಲೇಬೇಕು.

ಸಣ್ಣ ತೂತಿನ ಉಪಕಾರ ಇನ್ನೂ ಒಂದಿದೆ. ಸೂಜಿರಂಧ್ರ ಕ್ಯಾಮೆರಾ ಮಾಡಿದವರಿಗೆ ಇದು ಹೊಸತಲ್ಲ. ಒಂದು ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಕಣ್ಣಿಗೆ ಹತ್ತಿಸಿ, ಒಳ್ಳೆಯ ಬೆಳಕಿನಲ್ಲಿ ಈ ಪತ್ರಿಕೆಯನ್ನು ಮೂಗಿನ ಹತ್ತಿರ ತನ್ನಿ. ಮಸುಕಾಗಿದ್ದ ಅಕ್ಷರ ಸ್ಪಷ್ಟವಾಗುತ್ತದೆ. ಹತ್ತಿರದ ಉಂಗುರವನ್ನೂ ದೂರದ ಗುರಿಯನ್ನೂ ಒಟ್ಟಿಗೆ ಕಾಣಿಸುವುದು ಇದೇ ತತ್ತ್ವ. ಆದರೂ ನೋಟ ನಿಲ್ಲಬೇಕಾದ್ದು ಉಂಗುರದ ಮೇಲೆ; ಗುರಿ ತುಸು ಮಸುಕಾಗಿದ್ದರೆ ಚಿಂತೆಯಿಲ್ಲ. ದ್ರೋಣಾಚಾರ್ಯರು ಇಲ್ಲಿ ಪರೀಕ್ಷೆ ಮಾಡಿದರೆ 'ಹಕ್ಕಿಯ ಕಣ್ಣು ಮಾತ್ರ ಕಾಣುತ್ತದೆ' ಎಂದ ಅರ್ಜುನನಿಗೆ ಅಂಕ ಕಡಿಮೆಯಾಗುತ್ತಿತ್ತು!

ದುರ್ಬೀನು ಹಾಕಿದರೆ ಮಗುವಿಗೆ ಆಗುವ ನಷ್ಟ ಇದೇ. ಗುರಿ ಒಂಬತ್ತು ಪಟ್ಟು ದೊಡ್ಡದಾದಾಗ ಕೈಯ ನಡುಕವೂ ಒಂಬತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಕೂಡುಗೆರೆ ನಡುವಿಗೆ ಬಂದ ಕ್ಷಣವನ್ನು ಹಿಡಿಯಹೋಗಿ ಹುಡುಗ ಟ್ರಿಗರನ್ನು ಗಬಕ್ಕನೆ ಎಳೆಯುತ್ತಾನೆ. ಈ ಚಟ ಬೇಗ ಅಂಟುತ್ತದೆ, ಬಿಡಿಸುವುದು ಕಷ್ಟ. ನಿಲುವು, ಉಸಿರು, ಮೆಲ್ಲನೆ ಒತ್ತುವ ಬೆರಳು, ಇವು ಮೊದಲ ವರ್ಷದ ಪಾಠ. ಎನ್‌ಸಿಸಿ ಮಕ್ಕಳು .22 ರೈಫಲ್‌ನಲ್ಲಿ ಗುರಿ ಕಲಿಯುವುದೂ ದುರ್ಬೀನಿಲ್ಲದೆಯೇ.

ಸ್ಕೋಪ್ ಕೇಳುವ ಮಗು 'ಗುರಿ ಸರಿಯಾಗಿ ಕಾಣುವುದಿಲ್ಲ' ಎಂದರೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಅದೇ ಮಗು ಕಪ್ಪುಹಲಗೆಯನ್ನೂ ಕಣ್ಣು ಕಿರಿದು ಮಾಡಿ ನೋಡುತ್ತಿರಬಹುದು, ಪಕ್ಕದವರ ನೋಟ್ಸಿನಿಂದ ನಕಲು ಮಾಡಿಕೊಳ್ಳುತ್ತಿರಬಹುದು. ತರಗತಿಯಲ್ಲಿ ಇಂಥವರನ್ನು ಪ್ರತಿವರ್ಷ ಕಾಣುತ್ತೇನೆ. ಅಂಗಡಿಗೆ ಹೋಗುವ ಮುನ್ನ ಕಣ್ಣಿನ ವೈದ್ಯರ ಬಳಿ ಹೋಗಿ. ಕೋವಿಗೆ ಮಸೂರ ನಿಷಿದ್ಧವಾದರೂ ಮೂಗಿನ ಮೇಲಿನ ಕನ್ನಡಕಕ್ಕೆ ಸ್ಪರ್ಧೆಯಲ್ಲಿ ಅಡ್ಡಿಯಿಲ್ಲ.

ಸ್ಪರ್ಧೆಯ ಗೊಡವೆಯಿಲ್ಲ, ಹಿರಿಯರ ಎದುರಿನಲ್ಲಿ ಗಟ್ಟಿ ಗೋಡೆಗೆ ಒರಗಿಸಿದ ಡಬ್ಬಿಗಳಿಗೆ ಹೊಡೆದು ಸಂತೋಷಪಟ್ಟರೆ ಸಾಕು ಎನ್ನುವವರೂ ಇದ್ದಾರೆ. ಅವರಿಗೆ 4x32 ಸಾಕು. ಮೊದಲ ಅಂಕೆ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು. ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ. 32ನ್ನು 4ರಿಂದ ಭಾಗಿಸಿದರೆ 8. ಕಣ್ಣಿನತ್ತ ಬರುವ ಬೆಳಕಿನ ಕಂಬ ಅಷ್ಟು ಅಗಲವಿದ್ದರೆ ಎಳೆಯರಿಗೆ ಕಣ್ಣಿಡುವುದು ಸುಲಭ. 3-9x40ನ್ನು ಒಂಬತ್ತಕ್ಕೆ ತಿರುಗಿಸಿದರೆ ಅದು 4.4ಕ್ಕೆ ಇಳಿಯುತ್ತದೆ.

ಪವರಿಗಿಂತ ಮುಖ್ಯವಾದ್ದು ಸ್ಥಾನಪಲ್ಲಟ. ಬೆರಳನ್ನು ಮುಖದೆದುರು ಹಿಡಿದು ಒಂದೊಂದೇ ಕಣ್ಣು ಮುಚ್ಚಿದರೆ ಬೆರಳು ಜಿಗಿಯುತ್ತದಲ್ಲ, ಅದೇ. ದೊಡ್ಡ ಬಂದೂಕಿನ ಸ್ಕೋಪನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ಅದನ್ನೇ 10 ಮೀಟರಿಗೆ ಬಳಸಿ, ಕಣ್ಣು ಮಸೂರದ ಅಂಚಿಗೆ ಸರಿದರೆ ಗುರಿ 14 ಮಿ.ಮೀ.ವರೆಗೂ ತಪ್ಪಬಹುದು. ಆದ್ದರಿಂದ 10 ಮೀಟರಿಗೆ ಹೊಂದಿಸಬಲ್ಲದ್ದನ್ನೇ ಕೇಳಿ. ಸ್ಪ್ರಿಂಗ್‌ನ ಏರ್‌ಗನ್ ಮೊದಲು ಹಿಂದಕ್ಕೆ, ಮರುಕ್ಷಣ ಮುಂದಕ್ಕೆ ಜಗ್ಗುವುದರಿಂದ ಅದಕ್ಕೆಂದೇ ಮಾಡಿದ ಸ್ಕೋಪ್ ಇರಬೇಕು. ಇಲ್ಲವಾದರೆ ಕೆಲವೇ ದಿನಗಳಲ್ಲಿ ಒಳಗಿನ ಗೆರೆಗಳು ಸಡಿಲವಾಗುತ್ತವೆ.

ಮುಂದೆ 50 ಮೀಟರಿಗೆ ಏರಿದಾಗ ದುರ್ಬೀನು ಹೇಗೂ ಬರುತ್ತದೆ. ಆದರೆ ಅದು ಕೋವಿಯ ಮೇಲಲ್ಲ, ಪಕ್ಕದ ಸ್ಟ್ಯಾಂಡಿನ ಮೇಲೆ. ಹೊಡೆದ ಗುಂಡು ಎಲ್ಲಿ ಬಿತ್ತೆಂದು ನೋಡಿಕೊಳ್ಳಲು.