ಹೇರಿದ ಟ್ರ್ಯಾಕ್ಟರಿಗೆ ಹಳ್ಳಿ ದಾರಿಯೇ ಲೇಸು

ಮೇಡ್ಲೇರಿ: ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಪೇಟೆಗೆ ಹೊರಟ ಟ್ರ್ಯಾಕ್ಟರಿಗೆ ರಾಣೇಬೆನ್ನೂರು ದಾಟಿದ ಮೇಲೆ ಎರಡು ದಾರಿ. ಒಂದು, ಮೋಟೆಬೆನ್ನೂರ ಮೇಲೆ ಹಾಯುವ ಪುಣೆ-ಬೆಂಗಳೂರು ಹೆದ್ದಾರಿ. ಹಿಂದೆ ಅದರ ನಂಬರು 4, ಈಗ 48. ಇನ್ನೊಂದು, ಹೊಲಗಳ ನಡುವಿನ ಹಳ್ಳಿ ದಾರಿ.

ಹೆದ್ದಾರಿ ಸಪಾಟು, ಖರೆ. ಆದರೆ ಟ್ರೇಲರಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಇಳಿಜಾರಿನಲ್ಲಿ ಹಿಂದಿನ ಭಾರವೇ ಟ್ರ್ಯಾಕ್ಟರನ್ನು ದೂಡುತ್ತದೆ. ಲಾರಿ ಭರ್ರನೆ ಪಕ್ಕಕ್ಕೆ ಹಾಯ್ದರೆ ಎತ್ತರದ ಹೇರು ತೂಗಾಡುತ್ತದೆ. ಕತ್ತಲಾದರಂತೂ ದೀಪವಿಲ್ಲದ ಟ್ರೇಲರು ಹಿಂದಿನವನ ಕಣ್ಣಿಗೆ ಬೀಳೂದೇ ತಡ.

ಹಳ್ಳಿ ದಾರಿಯಲ್ಲಿ ತಗ್ಗು-ದಿನ್ನೆ, ದನ-ಕುರಿ ಇದ್ದದ್ದೇ. ಅರ್ಧ ತಾಸು ತಡವಾದೀತು. ಆದರೆ ಅಲ್ಲಿ ಎಲ್ಲರೂ ಸಾವಕಾಶ. ವರ್ಷದ ಪೀಕು ಹೇರಿದವನಿಗೆ ಲಗೂ ಮುಟ್ಟೂದಕ್ಕಿಂತ ನೆಟ್ಟಗ ಮುಟ್ಟೂದು ದೊಡ್ಡದು. ಯಾವ ದಾರಿ ಹಿಡಿದರೂ ಟ್ರೇಲರಿನ ಬೆನ್ನಿಗೆ ಕೆಂಪು ರಿಫ್ಲೆಕ್ಟರ್ ಇರಲಿ.